ಒಂದೇ ಗಣಕ, ಎರಡು ಕಾರ್ಯಾಚರಣ ವ್ಯವಸ್ಥೆ: ಹಳೆಯ ನುಡಿ ಕಡತಗಳನ್ನು ಕಳೆದುಕೊಳ್ಳದೆ ಲಿನಕ್ಸ್ ಅಳವಡಿಸುವ ಬಗೆ

ಹಾಸನ: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ಊರುಗಳ ಡಿಟಿಪಿ ಕೇಂದ್ರಗಳಲ್ಲಿ, ಪತ್ರ ಬರಹಗಾರರ ಮೇಜುಗಳ ಮೇಲೆ, ಶಾಲಾ ಕಚೇರಿಗಳಲ್ಲಿ ಹತ್ತು ವರ್ಷ ದಾಟಿದ ಗಣಕಯಂತ್ರಗಳು ಇಂದಿಗೂ ದುಡಿಯುತ್ತಿವೆ. ಲಗ್ನಪತ್ರಿಕೆ, ಕ್ರಯಪತ್ರದ ಕರಡು, ಜಾತ್ರೆಯ ಕರಪತ್ರ, ಪ್ರಶ್ನೆಪತ್ರಿಕೆ ಹೀಗೆ ವರ್ಷಗಟ್ಟಲೆ ಬೆರಳಚ್ಚಿಸಿದ ಕನ್ನಡ ಕಡತಗಳೆಲ್ಲ ಇರುವುದು ಅವುಗಳಲ್ಲೇ. ಆ ಯಂತ್ರಗಳ ಮಾಲೀಕರಿಗೆ ಈಗ ಒಂದು ಇಕ್ಕಟ್ಟು ಎದುರಾಗಿದೆ.

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ವಿಸ್ತೃತ ಭದ್ರತಾ ಯೋಜನೆಗೆ ಹೆಸರು ನೋಂದಾಯಿಸಿದ ಗೃಹ ಬಳಕೆದಾರರಿಗೆ ಕಂಪನಿಯು 2026ರ ಅಕ್ಟೋಬರ್ 13ರವರೆಗೆ ಗಡುವು ಪ್ರಕಟಿಸಿತು. ಬೆಂಬಲ ನಿಂತ ಮಾತ್ರಕ್ಕೆ ಯಂತ್ರವೇನೂ ನಿಲ್ಲದು. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ದೊರೆಯದು. ಅಂಥ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಅಪಾಯಕ್ಕೆ ಆಹ್ವಾನವಿತ್ತಂತೆ.

2021ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 11ಕ್ಕೆ ಏರೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ, ಸೆಕ್ಯೂರ್ ಬೂಟ್ ಸಾಮರ್ಥ್ಯ, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹಸ್ಥಳ ಬೇಕು. ಇಂಟೆಲ್ ಸಂಸ್ಕಾರಕವಾದರೆ ಬಹುಮಟ್ಟಿಗೆ ಎಂಟನೇ ಪೀಳಿಗೆ ಅಥವಾ ನಂತರದ್ದಾಗಿರಬೇಕು. ಹಳೆಯ ಯಂತ್ರಗಳು ಇಲ್ಲಿಯೇ ಅನುತ್ತೀರ್ಣವಾಗುತ್ತವೆ.

ಈ ಇಕ್ಕಟ್ಟಿಗೆ ಕಡಿಮೆ ಖರ್ಚಿನ ಪರಿಹಾರವೆಂದರೆ ವಿಂಡೋಸನ್ನು ಇದ್ದಲ್ಲೇ ಉಳಿಸಿಕೊಂಡು, ಅದರ ಪಕ್ಕದಲ್ಲಿ ಉಚಿತವಾಗಿ ದೊರೆಯುವ ಲಿನಕ್ಸನ್ನು ಸ್ಥಾಪಿಸುವುದು. ಗಣಕ ಪರಿಭಾಷೆಯಲ್ಲಿ ಇದಕ್ಕೆ ಡ್ಯುಯಲ್ ಬೂಟ್ ಎಂದು ಹೆಸರು. ವಿದ್ಯುತ್ ಗುಂಡಿ ಒತ್ತಿದೊಡನೆ ಪರದೆಯ ಮೇಲೆ ಒಂದು ಪಟ್ಟಿ ಮೂಡುತ್ತದೆ. ಬೇಕಾದ ವ್ಯವಸ್ಥೆಯನ್ನು ಆಯ್ದುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ವ್ಯವಸ್ಥೆ ನಡೆಯುತ್ತದೆ. ಇನ್ನೊಂದು ಬೇಕಾದರೆ ಯಂತ್ರವನ್ನು ಮರುಚಾಲನೆ ಮಾಡಬೇಕು.

ವಿಂಡೋಸನ್ನು ಪೂರ್ತಿ ತೆಗೆದುಹಾಕಬಾರದೇಕೆ?

ಉತ್ತರ ಕನ್ನಡದ ಅಕ್ಷರಗಳಲ್ಲೇ ಇದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳು ಯೂನಿಕೋಡ್ ಕ್ರಮದವಲ್ಲ. ಅವುಗಳ ಒಳಗಿರುವುದು ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳೇ. ಅದರ ಮೇಲೆ ಕನ್ನಡದ ಆಕಾರ ತೊಡಿಸುವುದು ಅಕ್ಷರಶೈಲಿಯ ಕೆಲಸ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಾಗದ ಚಿಹ್ನೆಗಳ ರಾಶಿ ಕಾಣುತ್ತದೆ. ಪುಟವಿನ್ಯಾಸಕ್ಕೆ ಇಂದಿಗೂ ಬಳಕೆಯಲ್ಲಿರುವ ಪೇಜ್‌ಮೇಕರ್‌ನ ಕೊನೆಯ ಮುಖ್ಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು, ಲಿನಕ್ಸ್ ಆವೃತ್ತಿಯೂ ಅದಕ್ಕಿಲ್ಲ. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶವೂ ವಿಂಡೋಸನ್ನೇ ಅವಲಂಬಿಸಿದೆ.

ಹೀಗಾಗಿ ಕೆಲಸವನ್ನು ಹಂಚುವುದು ವಿವೇಕ. ಹಳೆಯ ಕಡತ, ಪೇಜ್‌ಮೇಕರ್, ಟ್ಯಾಲಿ ವಿಂಡೋಸ್‌ನಲ್ಲಿ. ಅಂತರಜಾಲ, ಇ-ಅಂಚೆ, ಬ್ಯಾಂಕ್ ವ್ಯವಹಾರ, ಸೇವಾ ಸಿಂಧುವಿನಂಥ ಜಾಲತಾಣಗಳ ಅರ್ಜಿಗಳು ಲಿನಕ್ಸ್‌ನಲ್ಲಿ. ಇಲ್ಲೊಂದು ಎಚ್ಚರಿಕೆ ಅಗತ್ಯ: ಪಕ್ಕದಲ್ಲಿ ಲಿನಕ್ಸ್ ಇದ್ದ ಮಾತ್ರಕ್ಕೆ ಬೆಂಬಲ ಕಳೆದುಕೊಂಡ ವಿಂಡೋಸ್ ಸುರಕ್ಷಿತವಾಗದು. ವಿಂಡೋಸ್ ಚಾಲನೆಯಲ್ಲಿರುವಾಗ ಅಂತರಜಾಲದ ಸಂಪರ್ಕ ಕಡಿದಿಡಬೇಕು. ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳನ್ನು ಮೊದಲು ಲಿನಕ್ಸ್‌ನಲ್ಲಿ ತೆರೆದು, ಬೇಕಾದ ಕಡತವನ್ನಷ್ಟೇ ನಕಲಿಸಿಕೊಳ್ಳುವುದು ಮೇಲು.

ಹೊಸದಾಗಿ ಬೆರಳಚ್ಚಿಸುವವರಿಗೆ ಲಿನಕ್ಸ್ ಅಪರಿಚಿತವೆನಿಸದು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಉಬುಂಟು ಮತ್ತು ಲಿನಕ್ಸ್ ಮಿಂಟ್‌ಗಳ ಕೀಲಿಮಣೆ ಪಟ್ಟಿಯಲ್ಲೇ ಇದೆ. ಅರವಿಂದ ವಿ.ಕೆ. ಅವರು ರೂಪಿಸಿದ ಗುಬ್ಬಿ ಮತ್ತು ನವಿಲು ಯೂನಿಕೋಡ್ ಅಕ್ಷರಶೈಲಿಗಳು ಉಚಿತವಾಗಿ ದೊರೆಯುತ್ತವೆ. ಹಳೆಯ ನುಡಿ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನೂ ಅವರು ಸಿದ್ಧಪಡಿಸಿದ್ದಾರೆ. ಪರಿವರ್ತನೆಯ ನಂತರ ಒತ್ತಕ್ಷರಗಳನ್ನೂ ಅಂಕಿಗಳನ್ನೂ ಒಮ್ಮೆ ಓದಿ ತಾಳೆ ನೋಡಬೇಕು.

ಶಾಲೆಗಳಲ್ಲಿ ಆಗಲೇ ಪರಿಚಿತ

ಕರ್ನಾಟಕದ ಶಿಕ್ಷಕರಿಗೆ ಲಿನಕ್ಸ್ ಹೊಸತಲ್ಲ. ರಾಜ್ಯದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಡಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಹಾಗೂ ಜಿಯೋಜೀಬ್ರಾದಂಥ ಮುಕ್ತ ತಂತ್ರಾಂಶಗಳಲ್ಲಿ ತರಬೇತಿ ಪಡೆದರು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಶಾಲಾ ವ್ಯವಸ್ಥೆಯಲ್ಲಿ ಗಣಕ ಕಲಿಯುವುದೇ ಲಿನಕ್ಸ್ ಮೇಲೆ. ಅಲ್ಲಿನ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಲಿನಕ್ಸ್ ಆವೃತ್ತಿಯೊಂದನ್ನು ಸಿದ್ಧಪಡಿಸುತ್ತದೆ. ಹಾಸನದ ಮಲೆನಾಡು ತಾಂತ್ರಿಕ ಮಹಾವಿದ್ಯಾಲಯದಂಥ ಕಡೆ ಓದುವ ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗಂತೂ ಲಿನಕ್ಸ್ ಕಲಿಕೆಯ ಭಾಗ.

ಮೊದಲ ಕೆಲಸ: ಪ್ರತಿ ತೆಗೆದಿಡುವುದು

ಎರಡು ವ್ಯವಸ್ಥೆಗಳ ಅಳವಡಿಕೆಯಲ್ಲಿ ಕಷ್ಟದ ಹಂತಗಳು ಹೆಚ್ಚಿಲ್ಲ; ಆದರೆ ತಪ್ಪಿದರೆ ಹಿಂದಿರುಗಲಾಗದ ಹಂತವೊಂದಿದೆ. ಹಾರ್ಡ್‌ಡಿಸ್ಕ್‌ನ ವಿಭಾಗಗಳನ್ನು ಕುಗ್ಗಿಸುವಾಗ ಅಥವಾ ಆಯ್ಕೆಮಾಡುವಾಗ ಆಗುವ ಒಂದು ಪ್ರಮಾದ ವರ್ಷಗಳ ದುಡಿಮೆಯನ್ನು ಅಳಿಸಬಲ್ಲದು. ಆದ್ದರಿಂದ ಮುಖ್ಯ ಕಡತಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲಿಸಿ, ಅವು ಬೇರೊಂದು ಗಣಕದಲ್ಲಿ ತೆರೆಯುತ್ತವೆಯೇ ಎಂದು ಪರೀಕ್ಷಿಸಿದ ಬಳಿಕವೇ ಮುಂದುವರಿಯಬೇಕು. ನುಡಿ ಅಕ್ಷರಶೈಲಿಯ ಕಡತಗಳನ್ನೂ ತಂತ್ರಾಂಶದ ಸ್ಥಾಪನಾ ಕಡತವನ್ನೂ ಜತೆಗೆ ನಕಲಿಸಲು ಮರೆಯಬಾರದು. ಡಿ ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇದೆ ಎಂಬ ನೆಮ್ಮದಿ ಸಾಲದು. ಸಿ ಮತ್ತು ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕ್‌ನ ಭಾಗಗಳು.

ವಿದ್ಯುತ್ ಸರಬರಾಜಿನ ಕಡೆಗೂ ಗಮನ ಬೇಕು. ವಿಭಾಗಗಳ ಗಾತ್ರ ಬದಲಾಗುತ್ತಿರುವಾಗ ವಿದ್ಯುತ್ ಹೋದರೆ ದತ್ತಾಂಶ ಹಾಳಾಗುತ್ತದೆ. ಮೇಜುಗಣಕವಾದರೆ ಯುಪಿಎಸ್ ಇರಬೇಕು, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಬೇಕು. ಮುಂಗಾರಿನ ಗುಡುಗು ಮಿಂಚಿನ ಸಂಜೆ ಈ ಕೆಲಸಕ್ಕೆ ಕೈಹಾಕದಿರುವುದೇ ಒಳಿತು.

ಅಳವಡಿಕೆಯ ಹಂತಗಳು

1. ಯಂತ್ರದ ಪರಿಶೀಲನೆ: ಉಬುಂಟು ಮತ್ತು ಮಿಂಟ್‌ನ ಇತ್ತೀಚಿನ ಆವೃತ್ತಿಗಳಿಗೆ 64 ಬಿಟ್ ಸಂಸ್ಕಾರಕ ಬೇಕು. 4 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರಕ್ಕೆ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ರೂಪ ಹೊಂದುತ್ತದೆ. ವಿಂಡೋಸ್‌ನ ಸಿಸ್ಟಂ ಇನ್ಫರ್ಮೇಶನ್ ಪುಟದಲ್ಲಿ ಬಯಾಸ್ ಮೋಡ್ ಎಂಬ ಸಾಲನ್ನು ನೋಡಿ, ಯಂತ್ರ ಲೆಗಸಿ ಕ್ರಮದಲ್ಲಿದೆಯೋ ಯುಇಎಫ್‌ಐ ಕ್ರಮದಲ್ಲಿದೆಯೋ ಬರೆದಿಟ್ಟುಕೊಳ್ಳಬೇಕು. ಲಿನಕ್ಸನ್ನೂ ಅದೇ ಕ್ರಮದಲ್ಲಿ ಸ್ಥಾಪಿಸಬೇಕು.

2. ವಿಂಡೋಸ್‌ನ ಸಿದ್ಧತೆ: ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ಪವರ್ ಆಯ್ಕೆಗಳಲ್ಲಿ ನಿಲ್ಲಿಸಬೇಕು. ಅದು ಚಾಲನೆಯಲ್ಲಿದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ರೆಗೆ ಜಾರುತ್ತದೆ. ಆಗ ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯಲಾಗದು. ಬಿಟ್‌ಲಾಕರ್ ಗೂಢಲಿಪೀಕರಣವಿದ್ದರೆ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಅಳವಡಿಕೆ ಮುಗಿಯುವ ತನಕ ಅದನ್ನು ನಿಷ್ಕ್ರಿಯಗೊಳಿಸಬೇಕು.

3. ಜಾಗ ಬಿಡಿಸುವುದು: ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಖಾಲಿ ಜಾಗವಿರುವ ವಿಭಾಗವನ್ನು ಶ್ರಿಂಕ್ ವಾಲ್ಯೂಮ್ ಆದೇಶದಿಂದ ಕುಗ್ಗಿಸಬೇಕು. ಉಬುಂಟುವಿಗೆ ಕನಿಷ್ಠ 25 ಜಿಬಿ ಬೇಕು. 50 ಜಿಬಿ ಇದ್ದರೆ ಆರಾಮ. ಬಿಡಿಸಿದ ಜಾಗವನ್ನು ಹಾಗೆಯೇ ಖಾಲಿ ಬಿಡಬೇಕು. ಹಳೆಯ ಎಂಬಿಆರ್ ಕ್ರಮದ ಡಿಸ್ಕ್‌ಗಳಲ್ಲಿ ನಾಲ್ಕು ಪ್ರಾಥಮಿಕ ವಿಭಾಗಗಳಿಗಷ್ಟೇ ಅವಕಾಶ. ನಾಲ್ಕೂ ಈಗಾಗಲೇ ತುಂಬಿದ್ದರೆ ಬಿಡಿಸಿದ ಜಾಗ ಉಪಯೋಗಕ್ಕೆ ಬಾರದು. ಡಿಸ್ಕನ್ನು ಡೈನಮಿಕ್ ಆಗಿ ಬದಲಿಸಲೇ ಎಂದು ವಿಂಡೋಸ್ ಕೇಳಿದರೆ ಒಪ್ಪದೆ ಅಲ್ಲಿಗೇ ನಿಲ್ಲಿಸಿ, ತಿಳಿದವರ ನೆರವು ಪಡೆಯಬೇಕು.

4. ಸ್ಥಾಪನಾ ಪೆನ್‌ಡ್ರೈವ್: ಲಿನಕ್ಸ್‌ನ ಐಎಸ್‌ಒ ಕಡತವನ್ನು ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಂಡು, 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್‌ಗೆ ರೂಫಸ್‌ನಂಥ ತಂತ್ರಾಂಶದಿಂದ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಇಳಿಸಿಕೊಳ್ಳಲು ಅಂತರಜಾಲ ನಿಧಾನವಿರುವ ಕಡೆ ಒಬ್ಬರು ಸಿದ್ಧಪಡಿಸಿದ ಪೆನ್‌ಡ್ರೈವನ್ನು ಹಲವರು ಬಳಸಬಹುದು. ಪರವಾನಗಿ ಅದಕ್ಕೆ ಅವಕಾಶ ನೀಡುತ್ತದೆ. ಉಬುಂಟುವಿನ ಪ್ರಾಯೋಜಕ ಕಂಪನಿ ಕೆನಾನಿಕಲ್ 2011ರವರೆಗೆ ಕೇಳಿದವರಿಗೆ ಅಂಚೆಯಲ್ಲೇ ಉಚಿತ ಸಿಡಿ ಕಳುಹಿಸುತ್ತಿತ್ತು.

5. ಪ್ರಯೋಗ: ಯಂತ್ರವನ್ನು ಆ ಪೆನ್‌ಡ್ರೈವ್‌ನಿಂದ ಆರಂಭಿಸಬೇಕು. ಇದಕ್ಕೆ ಎಫ್12, ಎಫ್9, ಎಸ್ಕೇಪ್ ಹೀಗೆ ತಯಾರಕರಿಗೆ ಅನುಗುಣವಾಗಿ ಕೀಲಿ ಬೇರೆಯಾಗುತ್ತದೆ. ಲಿನಕ್ಸ್ ಡಿಸ್ಕ್‌ಗೆ ಏನನ್ನೂ ಬರೆಯದೆ ಪೆನ್‌ಡ್ರೈವ್‌ನಿಂದಲೇ ನಡೆಯಬಲ್ಲದು. ಈ ಹಂತದಲ್ಲಿ ವೈ-ಫೈ, ಧ್ವನಿ, ಪ್ರಿಂಟರ್, ಸ್ಕ್ಯಾನರ್ ಪರೀಕ್ಷಿಸಬೇಕು. ಬೆರಳಚ್ಚು ಸಾಧನ ಅಥವಾ ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದರ ಲಿನಕ್ಸ್ ಡ್ರೈವರ್ ಇದೆಯೇ ಎಂದು ತಯಾರಕರ ತಾಣದಲ್ಲಿ ನೋಡಿಕೊಳ್ಳಬೇಕು. ಇಲ್ಲವಾದರೆ ಆ ಕೆಲಸಕ್ಕೆ ಬೆಂಬಲವಿರುವ ವಿಂಡೋಸ್ ಯಂತ್ರವೇ ಬೇಕಾದೀತು.

6. ಸ್ಥಾಪನೆ: ಎಲ್ಲವೂ ಸರಿಯಿದ್ದರೆ ಸ್ಥಾಪನೆ ಆರಂಭಿಸಿ, ವಿಂಡೋಸ್ ಜತೆಯಲ್ಲೇ ಸ್ಥಾಪಿಸುವ ಇನ್‌ಸ್ಟಾಲ್ ಅಲಾಂಗ್‌ಸೈಡ್ ಆಯ್ಕೆಯನ್ನು ಒತ್ತಬೇಕು. ಇರೇಸ್ ಡಿಸ್ಕ್ ಎಂಬ ಆಯ್ಕೆ ವಿಂಡೋಸ್ ಮಾತ್ರವಲ್ಲ, ಡಿ, ಇ ಡ್ರೈವ್‌ಗಳನ್ನೂ ಸೇರಿಸಿ ಇಡೀ ಡಿಸ್ಕನ್ನು ಅಳಿಸುತ್ತದೆ. ಲಿನಕ್ಸ್ ಸ್ಥಾಪಕದಲ್ಲಿ ಸಿ, ಡಿ ಎಂಬ ಹೆಸರುಗಳು ಕಾಣುವುದಿಲ್ಲ; ಎಸ್‌ಡಿಎ1, ಎಸ್‌ಡಿಎ2 ಎಂಬಂತೆ ಕಾಣುತ್ತವೆ. ಆದ್ದರಿಂದ ಪ್ರತಿ ವಿಭಾಗದ ಗಾತ್ರವನ್ನು ವಿಂಡೋಸ್‌ನಲ್ಲಿರುವಾಗಲೇ ಬರೆದಿಟ್ಟುಕೊಂಡು, ಗಾತ್ರ ನೋಡಿ ಗುರುತಿಸಬೇಕು. ಸಂಶಯ ಬಂದರೆ ಸ್ಥಾಪನೆಯನ್ನು ರದ್ದುಪಡಿಸಬಹುದು. ಅಂತಿಮ ದೃಢೀಕರಣ ನೀಡುವವರೆಗೆ ಡಿಸ್ಕ್ ಬದಲಾಗುವುದಿಲ್ಲ.

ಆಮೇಲೆ ಎದುರಾಗುವ ತೊಡಕುಗಳು

ಸ್ಥಾಪನೆ ಮುಗಿದೊಡನೆ ಗ್ರಬ್ ಎಂಬ ಪುಟ್ಟ ತಂತ್ರಾಂಶ ಬಾಗಿಲುಕಾಯುವ ಕೆಲಸ ವಹಿಸಿಕೊಂಡು, ಎರಡು ವ್ಯವಸ್ಥೆಗಳ ಪಟ್ಟಿ ತೋರಿಸುತ್ತದೆ. ಎರಡನ್ನೂ ಹೊಸದಾಗಿ ಸ್ಥಾಪಿಸುವುದಾದರೆ ಮೊದಲು ವಿಂಡೋಸ್, ನಂತರ ಲಿನಕ್ಸ್ ಎಂಬ ಕ್ರಮ ಪಾಲಿಸಬೇಕು. ಗ್ರಬ್ ವಿಂಡೋಸನ್ನು ಗುರುತಿಸಿ ಪಟ್ಟಿಗೆ ಸೇರಿಸುತ್ತದೆ; ವಿಂಡೋಸ್ ಸ್ಥಾಪಕ ಲಿನಕ್ಸನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದರೆ ಗಾಬರಿಪಡಬೇಕಿಲ್ಲ. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಅಂತರರಾಷ್ಟ್ರೀಯ ಸಮಯವೆಂದೂ ಓದುತ್ತವೆ. ಭಾರತೀಯ ಸಮಯದೊಡನೆ ಅದರ ಅಂತರ ಐದೂವರೆ ಗಂಟೆ. ಲಿನಕ್ಸ್‌ನಲ್ಲಿ ಸ್ಥಳೀಯ ಸಮಯ ಅನುಸರಿಸುವಂತೆ ಒಂದು ಆದೇಶ ನೀಡಿದರೆ ಸರಿಹೋಗುತ್ತದೆ.

ವಿಂಡೋಸ್‌ನ ದೊಡ್ಡ ಪರಿಷ್ಕರಣೆಯ ಬಳಿಕ ಕೆಲವೊಮ್ಮೆ ಲಿನಕ್ಸ್ ತೆರೆಯದೆ ಹೋಗಬಹುದು. 2024ರ ಆಗಸ್ಟ್‌ನ ಭದ್ರತಾ ಪರಿಷ್ಕರಣೆಯಿಂದ ಸೆಕ್ಯೂರ್ ಬೂಟ್ ಇದ್ದ ಹಲವು ಜೋಡಿ ಯಂತ್ರಗಳಲ್ಲಿ ಹೀಗಾಯಿತು. 2025ರ ಮೇ ತಿಂಗಳ ಪರಿಷ್ಕರಣೆಯಲ್ಲಿ ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು. ಸ್ಥಾಪನಾ ಪೆನ್‌ಡ್ರೈವನ್ನು ಅಳಿಸದೆ ಜೋಪಾನವಾಗಿಟ್ಟರೆ ಇಂಥ ಸಂದರ್ಭದಲ್ಲಿ ಅದರಿಂದ ಯಂತ್ರವನ್ನು ಆರಂಭಿಸಿ ದುರಸ್ತಿ ಮಾಡಬಹುದು.

ಎರಡೂ ಕಡೆ ಬೇಕಾಗುವ ಕಡತಗಳನ್ನು ವಿಂಡೋಸ್‌ನ ಡಿ ಡ್ರೈವ್‌ನಲ್ಲೇ ಇಡಬೇಕು. ಲಿನಕ್ಸ್ ಅದನ್ನು ಓದಿ ಬರೆಯಬಲ್ಲದು. ವಿಂಡೋಸ್ ತಾನಾಗಿ ಲಿನಕ್ಸ್‌ನ ವಿಭಾಗವನ್ನು ಓದಲಾರದು.

ಮುಂದೆ ಲಿನಕ್ಸ್ ಬೇಡವೆನಿಸಿದರೆ ಅದರ ವಿಭಾಗವನ್ನು ನೇರವಾಗಿ ಅಳಿಸಬಾರದು. ಹಳೆಯ ಲೆಗಸಿ ಯಂತ್ರಗಳಲ್ಲಿ ಹಾಗೆ ಮಾಡಿದರೆ ಗ್ರಬ್ ರೆಸ್ಕ್ಯೂ ಎಂಬ ಕಪ್ಪು ಪರದೆ ಬಂದು ವಿಂಡೋಸ್ ಕೂಡ ತೆರೆಯದು. ಮೊದಲು ವಿಂಡೋಸ್‌ನ ದುರಸ್ತಿ ಡಿಸ್ಕ್‌ನಿಂದ ಆರಂಭಿಕ ದಾಖಲೆಯನ್ನು ಮರುಸ್ಥಾಪಿಸಿ, ಬಳಿಕವಷ್ಟೇ ವಿಭಾಗ ತೆಗೆಯಬೇಕು.

ಯಾರಿಗೆ ಬೇಡ?

8 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇರುವ ಹೊಸ ಯಂತ್ರದಲ್ಲಿ ಲಿನಕ್ಸ್ ಕಲಿಯಬೇಕೆನ್ನುವ ವಿದ್ಯಾರ್ಥಿಗಳಿಗೆ ಡಿಸ್ಕ್ ವಿಭಜನೆಯ ಗೊಡವೆ ಬೇಕಿಲ್ಲ. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದಲ್ಲಿ ಒಂದು ವ್ಯವಸ್ಥೆಯೊಳಗೇ ಇನ್ನೊಂದನ್ನು ನಡೆಸಬಹುದು. ಎರಡು ಡಿಸ್ಕ್ ಅಳವಡಿಸಲು ಸ್ಥಳವಿರುವ ಮೇಜುಗಣಕಗಳಲ್ಲಿ ಹೊಸ ಎಸ್‌ಎಸ್‌ಡಿಗೆ ಲಿನಕ್ಸ್ ಹಾಕಿ, ಹಳೆಯ ಡಿಸ್ಕನ್ನು ಮುಟ್ಟದೆ ಉಳಿಸುವುದು ಎಲ್ಲಕ್ಕಿಂತ ಸುರಕ್ಷಿತ. ಸ್ಥಾಪನೆಯ ವೇಳೆ ಹಳೆಯ ಡಿಸ್ಕ್‌ನ ತಂತಿಯನ್ನೇ ಕಳಚಿಟ್ಟರೆ ಅದರಲ್ಲಿರುವುದು ತಪ್ಪಿಯೂ ಅಳಿಯದು.

2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04 ಆವೃತ್ತಿಗೆ ಐದು ವರ್ಷಗಳ ಉಚಿತ ಭದ್ರತಾ ಬೆಂಬಲವಿದೆ. ಅದನ್ನು ಆಧರಿಸಿದ ಮಿಂಟ್ 22ಕ್ಕೂ 2029ರವರೆಗೆ ಬೆಂಬಲ ಉಂಟು. ಹಳೆಯ ಯಂತ್ರದ ಆಯುಸ್ಸು ಅಷ್ಟರಮಟ್ಟಿಗೆ ವೃದ್ಧಿಸಿದಂತಾಯಿತು. ಆ ಅವಧಿಯಲ್ಲಿ ನುಡಿಯ ಹಳೆಯ ಕಡತಗಳನ್ನು ಒಂದೊಂದಾಗಿ ಯೂನಿಕೋಡ್‌ಗೆ ಬದಲಿಸಿಕೊಂಡರೆ, ವಿಂಡೋಸ್ 10ರ ಹಂಗು ತೀರಿದ ದಿನವೂ ಆ ಬರಹಗಳು ಓದಲು ಸಿಗುತ್ತವೆ.