ಬೆಳ್ಳಂದೂರು ಕೆರೆಯ ಹೂಳು: ಒಣಗಿಸಿದ ಮಾದರಿ ಮುಚ್ಚಿಡುವ ಭಾರಲೋಹಗಳು

ಕೆರೆಯ ಮಾಲಿನ್ಯ ಅಳೆಯಲು ಮೊದಲು ನೀರನ್ನೇ ಪ್ರಯೋಗಾಲಯಕ್ಕೆ ಒಯ್ಯುವುದು ರೂಢಿ. ಭಾರಲೋಹಗಳ ಮಟ್ಟಿಗೆ ಇದು ಸಾಲದು. ಸೀಸ, ಕ್ರೋಮಿಯಂ, ಕ್ಯಾಡ್ಮಿಯಂಗಳ ಬಹುಪಾಲು ಜೇಡಿಕಣಗಳಿಗೂ ಕಬ್ಬಿಣ-ಮ್ಯಾಂಗನೀಸ್ ಆಕ್ಸೈಡುಗಳಿಗೂ ಅಂಟಿಕೊಂಡು ತಳ ಸೇರುತ್ತದೆ. ಐಎಸ್ 10500:2012 ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.003 ಮಿ.ಗ್ರಾಂ, ಸೀಸ 0.01 ಮಿ.ಗ್ರಾಂ ಮೀರಬಾರದು. ಕೆರೆನೀರು ಈ ಮಿತಿಯೊಳಗೇ ಇದ್ದರೂ ಹೂಳಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಗೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ದಶಕಗಳ ಕಾಲ ಹರಿದಿದೆ. 2015ರಲ್ಲಿ ನೊರೆಗೆ ಬೆಂಕಿ ಹೊತ್ತಿಕೊಂಡಾಗ ದೇಶವೇ ಇತ್ತ ನೋಡಿತು. ಹೂಳಿಗೆ ಅಷ್ಟು ಗಮನ ದಕ್ಕಲಿಲ್ಲ. ಲೋಕೇಶ್ವರಿ ಮತ್ತು ಚಂದ್ರಪ್ಪ ಅವರು ಈ ಕೆರೆನೀರು ಹಾಯಿಸಿದ ಮಣ್ಣು, ಬೆಳೆಗಳ ಭಾರಲೋಹ ಅಧ್ಯಯನವನ್ನು 2006ರಲ್ಲೇ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದ್ದರು.

ಆಮ್ಲಜನಕವಿಲ್ಲದ ಕೆರೆತಳದಲ್ಲಿ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡಾಗಿಸುತ್ತವೆ. ಅದರೊಡನೆ ಕೂಡಿದ ಕ್ಯಾಡ್ಮಿಯಂ ನೀರಿನಲ್ಲಿ ಕರಗದೆ ಕೂರುತ್ತದೆ. ಇಂಥ ಹೂಳನ್ನು ಆಗಷ್ಟೇ ಮೇಲೆತ್ತಿದಾಗ ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿರುತ್ತದೆ. ತಟ್ಟೆಯಲ್ಲಿ ತೆಳ್ಳಗೆ ಹರಡಿಟ್ಟರೆ ಮೇಲ್ಪದರ ಬೇಗನೆ ಕಂದಿಗೆ ತಿರುಗುತ್ತದೆ: ಕಬ್ಬಿಣದ ಸಲ್ಫೈಡ್ ಗಾಳಿ ತಗುಲಿ ಆಕ್ಸೈಡಾಗುತ್ತಿದೆ. ಸಲ್ಫೈಡ್ ಒಡೆದಂತೆಲ್ಲ ಅದರಲ್ಲಿ ಸಿಲುಕಿದ್ದ ಕ್ಯಾಡ್ಮಿಯಂ, ಸತು ಸಡಿಲಾಗುತ್ತವೆ.

ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಟೆಸಿಯರ್ ಮತ್ತು ಸಂಗಡಿಗರು 1979ರಲ್ಲಿ ರೂಪಿಸಿದ ಹಂತವಾರು ಬೇರ್ಪಡಿಕೆ, ಲೋಹ ಎಷ್ಟಿದೆ ಎಂಬುದಕ್ಕಿಂತ ಯಾವುದಕ್ಕೆ ಅಂಟಿದೆ ಎಂಬುದನ್ನು ತಿಳಿಸುತ್ತದೆ. ಆದರೆ ಮಾದರಿಯನ್ನು ಮೊದಲೇ ಒಣಗಿಸಿ ಪುಡಿ ಮಾಡಿದರೆ ಆ ಬಂಧಗಳೇ ಬದಲಾಗಿಬಿಡುತ್ತವೆ. ಆಗ ಸಿಗುವುದು ಕೆರೆತಳದ ಚಿತ್ರವಲ್ಲ. ಹಸಿ ಮಾದರಿಯನ್ನು ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿಟ್ಟು ಬೇರ್ಪಡಿಸಬೇಕು. ಅದೇ ಹೂಳಿನ ಇನ್ನೊಂದು ಪಾಲನ್ನು ಗಾಳಿಯಲ್ಲಿ ಒಣಗಿಸಿ ಹೋಲಿಸಬೇಕು. ಎರಡರ ವ್ಯತ್ಯಾಸವೇ ಹೂಳೆತ್ತುವಾಗಿನ ಅಪಾಯದ ಅಳತೆ.

ಬೇಸಿಗೆಯಲ್ಲಿ ಕೆರೆಗೋಡು ಹೊಡೆದು ಹೊಲ ಹದ ಮಾಡುವುದು ನಮ್ಮ ರೈತರ ಹಳೆಯ ಜಾಣತನ. ಮಳೆನೀರಿನ ಕೆರೆಗಳಲ್ಲಿ ಇಂದಿಗೂ ಅದು ಸರಿಯೇ. ನಗರದ ಕೊಳಚೆ ಉಂಡ ಗೋಡಿನ ಮಾತು ಬೇರೆ. ಸೀಸ ಬಹುಮಟ್ಟಿಗೆ ಬೇರಿನಲ್ಲೇ ನಿಲ್ಲುತ್ತದೆ, ಕ್ಯಾಡ್ಮಿಯಂ ಸುಲಭವಾಗಿ ಎಲೆಗೇರುತ್ತದೆ. ಹಾಗಾಗಿ ಈ ಜೋಡಿ ಪರೀಕ್ಷೆ ಮುಗಿಯುವ ತನಕ ಬೆಳ್ಳಂದೂರಿನ ಹೂಳು ಸೊಪ್ಪು, ಮೇವು ಬೆಳೆಯುವ ಯಾವ ಜಮೀನಿಗೂ ಹೋಗಕೂಡದು.