ಕಣ್ಣಿಗೆ ಕಾಣದ ನೀರು

ಅಡಿಗೆಮನೆಯಲ್ಲಿ ಎಸರು ಕುದಿಯುವಾಗ ಪಾತ್ರೆಯ ಮೇಲೆ ಬೆಳ್ಳಗೆ ಏಳುವುದನ್ನು ನಾವು ಆವಿ ಎನ್ನುತ್ತೇವೆ, ಹಬೆ ಎನ್ನುತ್ತೇವೆ. ವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಬೆಳ್ಳಗೆ ಕಾಣುವುದು ಆಗಲೇ ತಣಿದು ಹನಿಗೂಡಿದ ನೀರು. ನಿಜವಾದ ನೀರಾವಿಗೆ ಬಣ್ಣವೂ ಇಲ್ಲ, ರೂಪವೂ ಇಲ್ಲ. ಕನ್ನಡದ ಅಧ್ಯಾಪಕನಾದ ನನಗೆ ಹಬೆಯೆಂಬ ಮಾತನ್ನು ಬಿಡಲು ಮನಸ್ಸಿಲ್ಲ. ಆದರೆ ಇಂದು ನಾನು ಹೇಳಹೊರಟಿರುವುದು ಗಾಳಿಯಲ್ಲಿ ಅಡಗಿರುವ ಆ ಕಾಣದ ಆವಿಯ ಚರಿತ್ರೆಯನ್ನು.

ಕಾಣದುದನ್ನು ಅಳೆಯುವುದು ಹೇಗೆ? ಜಿನೀವಾದ ಒರಾಸ್ ಬೆನೆಡಿಕ್ಟ್ ದ ಸೋಸ್ಯೂರ್ ಅದಕ್ಕೆ ಮನುಷ್ಯನ ತಲೆಗೂದಲನ್ನು ಬಳಸಿದರು. ಜಿಡ್ಡು ತೆಗೆದ ಕೂದಲು ತೇವದಲ್ಲಿ ನೀಳವಾಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ; ಅದಕ್ಕೊಂದು ಮುಳ್ಳನ್ನು ಜೋಡಿಸಿದರೆ ಮಾಪಕ ಸಿದ್ಧ. ಅವರ ಗ್ರಂಥ ಪ್ರಕಟವಾದದ್ದು 1783ರಲ್ಲಿ. ಭಾಷಾವಿಜ್ಞಾನದ ವಿದ್ಯಾರ್ಥಿಗಳೆಲ್ಲ ಬಲ್ಲ ಫರ್ಡಿನೆಂಡ್ ದ ಸೋಸ್ಯೂರ್ ಇವರ ಮರಿಮಗ.

ಅಳತೆಯೇನೋ ದೊರೆಯಿತು. ಈ ಆವಿಗೂ ಭೂಮಿಯ ಕಾವಿಗೂ ಇರುವ ನಂಟು ತಿಳಿಯಲು ಮತ್ತೆ 70ಕ್ಕೂ ಹೆಚ್ಚು ವರ್ಷ ಬೇಕಾಯಿತು. ಅಮೆರಿಕದ ಯುನಿಸ್ ಫುಟ್, 1848ರಲ್ಲಿ ಸೆನೆಕಾ ಫಾಲ್ಸ್‌ನಿಂದ ಹೊರಟ ಸ್ತ್ರೀಯರ ಹಕ್ಕಿನ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬರು. ಅವರು 4 ಅಂಗುಲ ಅಗಲ, 30 ಅಂಗುಲ ಉದ್ದದ ಗಾಜಿನ ಕೊಳವೆಗಳಲ್ಲಿ ಉಷ್ಣಮಾಪಕಗಳನ್ನಿರಿಸಿ, ಒಂದರಲ್ಲಿ ಒಣಗಾಳಿಯನ್ನೂ ಇನ್ನೊಂದರಲ್ಲಿ ತೇವದ ಗಾಳಿಯನ್ನೂ ತುಂಬಿ ಬಿಸಿಲಿಗಿಟ್ಟರು. ತೇವದ ಗಾಳಿಯೇ ಹೆಚ್ಚು ಕಾದಿತು. ಇಂಗಾಲಾಮ್ಲ ಅನಿಲವನ್ನು ತುಂಬಿದಾಗ ಕಾವು ಇನ್ನೂ ಏರಿತು. 1856ರ ಆಗಸ್ಟಿನಲ್ಲಿ ಆಲ್ಬನಿಯ ವಿಜ್ಞಾನ ಸಮ್ಮೇಳನದಲ್ಲಿ ಆ ಪ್ರಬಂಧವನ್ನು ಓದಿದವರು ಜೋಸೆಫ್ ಹೆನ್ರಿ, ಬರೆದಾಕೆಯಲ್ಲ. ಸಮ್ಮೇಳನದ ಸಂಪುಟದಲ್ಲಿ ಅದು ಅಚ್ಚಾಗಲಿಲ್ಲ. ಆ ವರ್ಷವೇ ಒಂದು ಪತ್ರಿಕೆಯಲ್ಲಿ ಎರಡು ಪುಟವಾಗಿ ಬಂದು ಮರೆತುಹೋಯಿತು.

ಲಂಡನ್ನಿನಲ್ಲಿ ಜಾನ್ ಟಿಂಡಲ್ ಪ್ರಯೋಗಕ್ಕೆ ತೊಡಗಿದ್ದು 1859ರಲ್ಲಿ. ಅವರ ಕೊಳವೆ ಹಿತ್ತಾಳೆಯದು. ತುದಿಗಳಲ್ಲಿ ಗಾಜಿಗೆ ಬದಲು ಕಲ್ಲುಪ್ಪಿನ ಬಿಲ್ಲೆಗಳು. ಗಾಜು ಕಾಣದ ಶಾಖಕಿರಣಗಳನ್ನು ತಡೆಯುತ್ತದೆ, ಉಪ್ಪು ತಡೆಯದು. ಗಾಳಿಯ ಬಹುಪಾಲಾದ ಸಾರಜನಕ, ಆಮ್ಲಜನಕಗಳು ಶಾಖವನ್ನು ಸುಮ್ಮನೆ ಹಾಯಗೊಟ್ಟವು. ಅತ್ಯಲ್ಪವಾಗಿದ್ದ ನೀರಾವಿ ಅದನ್ನು ಹಿಡಿದುಕೊಂಡಿತು. ಬಿಸಿಲಿನ ಶಾಖದಿಂದ ನೆಲ ಹೊಮ್ಮಿಸುವ ಶಾಖವನ್ನು ಬೇರ್ಪಡಿಸಿ ನೋಡುವುದು ಫುಟ್ ಅವರ ಗಾಜಿನ ಕೊಳವೆಗೆ ಸಾಧ್ಯವಿರಲಿಲ್ಲ. ಅದು ಟಿಂಡಲ್ಲರ ಸಾಧನೆ, ಆ ಕೀರ್ತಿ ಅವರದೇ. ಹಾಗೆಂದು ಮೊದಲು ಅಚ್ಚಿಗೆ ತಂದವರ ಹೆಸರನ್ನು ಚರಿತ್ರಕಾರರು ಬಹುಕಾಲ ಎತ್ತದೆ ಹೋದುದನ್ನು ನ್ಯಾಯವೆನ್ನಲಾರೆ.

ಆವಿಯ ಈ ಗುಣವನ್ನು ನಮ್ಮ ನಾಡಿನಲ್ಲಿಯೇ ಕಾಣಬಹುದು. ಜನವರಿಯಲ್ಲಿ ವಿಜಯಪುರದ ಹಗಲಿನ ಕಾವು ಸಂಜೆಯಾಗುತ್ತಲೇ ಒಣಗಾಳಿಯೊಳಗಿಂದ ಬಾನಿಗೆ ಏರಿಹೋಗುತ್ತದೆ. ಬೆಳಗಿನ ಜಾವಕ್ಕೆ ಕಂಬಳಿ ಬೇಕು. ಮಂಗಳೂರಿನಲ್ಲಾದರೋ ಕಡಲೂ, ಕಡಲು ಕೊಟ್ಟ ಆವಿಯೂ ಸೇರಿ ಇರುಳನ್ನು ಬೆಚ್ಚಗಿಡುತ್ತವೆ. ಆವಿ, ಇಂಗಾಲಾಮ್ಲ ಮೊದಲಾದ ಶಾಖಗ್ರಾಹಿ ಅನಿಲಗಳಿಲ್ಲದಿದ್ದರೆ ಇಡೀ ಭೂಮಿಯ ಸರಾಸರಿ ಉಷ್ಣತೆ ಸುಮಾರು 15 ಡಿಗ್ರಿಯ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ಆವಿಯನ್ನು ಹೊರಬಲ್ಲದು. ಹೊತ್ತ ಆವಿ ಅದನ್ನು ಮತ್ತಷ್ಟು ಕಾಯಿಸುತ್ತದೆ. ಇಂಗಾಲಾಮ್ಲ ಹೆಚ್ಚಿದಂತೆಲ್ಲ ವಿಜ್ಞಾನಿಗಳ ಆತಂಕವೂ ಹೆಚ್ಚುತ್ತಿರುವುದಕ್ಕೆ ಇದೊಂದು ಕಾರಣ.

ಯುನಿಸ್ ಫುಟ್ 1888ರಲ್ಲಿ ತೀರಿಕೊಂಡರು. 2011ರಲ್ಲಿ ನಿವೃತ್ತ ಭೂವಿಜ್ಞಾನಿಯೊಬ್ಬರು, ಹಳೆಯ ಸಂಪುಟಗಳ ದೂಳು ಕೊಡಹುವ ಚಟ ನನಗೊಬ್ಬನಿಗೇ ಇರುವುದಲ್ಲ ನೋಡಿ, 1857ರ ಒಂದು ವಿಜ್ಞಾನ ವಾರ್ಷಿಕವನ್ನು ತೆರೆದಾಗ ಆಲ್ಬನಿಯಲ್ಲಿ ಓದಲಾದ ಆ ಪ್ರಬಂಧದ ವರದಿ ಅದರಲ್ಲಿತ್ತು. ಅವರು ಅದನ್ನು ಕುರಿತು ಬರೆದ ಮೇಲೆ ಆಕೆಯ ಹೆಸರು ಮತ್ತೆ ವಿದ್ವಾಂಸರ ಬಾಯಿಗೆ ಬಂದಿತು.