ಯುವನಿಧಿ ಫಲಾನುಭವಿಗಳ ವಿವರವನ್ನು ಗ್ರೂಪಿನಲ್ಲಿ ಹಂಚಬಹುದೇ?

"ಸರ್ಕಾರದ ದುಡ್ಡು ಪಡೆದ ಮೇಲೆ ಗುಟ್ಟೇನು?" ನಿರುದ್ಯೋಗ ಭತ್ಯೆಯ ಪಟ್ಟಿಗಳನ್ನು ಫಾರ್ವರ್ಡ್ ಮಾಡುವವರು ಹೀಗೆ ಕೇಳುವುದುಂಟು. ಇದು ಅರ್ಧ ಸತ್ಯ ಮಾತ್ರ.

ಅರ್ಜಿಯಲ್ಲಿ ಏನೇನಿರುತ್ತದೆ?

ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಮುಗಿಸಿದವರಿಗೆ 1,500 ರೂ. ಗರಿಷ್ಠ 2 ವರ್ಷ ಸಿಗುತ್ತದೆ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಆಧಾರ್, ಓದಿನ ವಿವರ, ಮೊಬೈಲ್ ಸಂಖ್ಯೆ ಕೊಡಬೇಕು. ಕೆಲಸ ಸಿಕ್ಕಿಲ್ಲ ಎಂಬ ಸ್ವಯಂ ಘೋಷಣೆಯೂ ಬೇಕು.

ಕಾನೂನು ಏನು ಹೇಳುತ್ತದೆ?

ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರವನ್ನು ಸರ್ಕಾರವೇ ಪ್ರಕಟಿಸಬೇಕು ಎನ್ನುತ್ತದೆ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್. ಹಣ ಯಾರಿಗೆ ತಲುಪಿತು ಎಂದು ಜನರಿಗೆ ತಿಳಿಯಬೇಕಲ್ಲ!

ಆದರೆ ಆಧಾರ್ ಸಂಖ್ಯೆಯ ಮಾತು ಬೇರೆ. ನಿಯಮಗಳು ಅವಕಾಶ ಕೊಟ್ಟ ಸಂದರ್ಭ ಬಿಟ್ಟರೆ ಅದನ್ನು ಸಾರ್ವಜನಿಕವಾಗಿ ಪ್ರಕಟಿಸುವಂತಿಲ್ಲ ಎಂದು 2016ರ ಆಧಾರ್ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರದ ನೆರವು ಪಡೆದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ.

ಸೋರಿಕೆಯಾದರೆ ಏನು ಅಪಾಯ?

ಆಧಾರ್ ಸಂಖ್ಯೆ ಒಂದರಿಂದಲೇ ಖಾತೆಯ ಹಣ ತೆಗೆಯಲು ಆಗುವುದಿಲ್ಲ; ಒಟಿಪಿ ಅಥವಾ ಬೆರಳಚ್ಚು ಬೇಕು. ನಿಜವಾದ ಅಪಾಯ ಇರುವುದು ಫೋನ್ ನಂಬರ್ ಸಮೇತ ಇರುವ ಪಟ್ಟಿಯಲ್ಲಿ. ಕೆಲಸಕ್ಕಾಗಿ ಕಾಯುತ್ತಿರುವವರು ಯಾರು ಎಂದು ಅದು ವಂಚಕರಿಗೆ ತಿಳಿಸುತ್ತದೆ. "ನಿಮ್ಮ ಭತ್ಯೆ ನಿಂತಿದೆ, ಒಟಿಪಿ ಹೇಳಿ" ಅಥವಾ "ಕೆಲಸ ಖಚಿತ, ನೋಂದಣಿ ಶುಲ್ಕ ಕಟ್ಟಿ" ಎಂದು ಕರೆ ಬರಬಹುದು. ನಿಮ್ಮ ಹೆಸರು, ಕಾಲೇಜು ಸರಿಯಾಗಿ ಹೇಳಿದವರನ್ನು ನಂಬಿಬಿಡುವುದು ಸುಲಭ.

ನೀವು ಏನು ಮಾಡಬಹುದು?

• ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತಿ ಅರ್ಜಿ ತುಂಬಬೇಡಿ. ಸೇವಾ ಸಿಂಧು ವೆಬ್‌ಸೈಟನ್ನು ನೀವೇ ತೆರೆಯಿರಿ.

• ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿದರೆ, ಕೆಲಸ ಮುಗಿದ ಮೇಲೆ ಲಾಗೌಟ್ ಆಗಿ, ನಿಮ್ಮ ಫೈಲ್‌ಗಳನ್ನು ಅಲ್ಲಿಂದ ಅಳಿಸಿ.

• ಪೂರ್ತಿ ಆಧಾರ್ ಸಂಖ್ಯೆ ಬೇಕಿಲ್ಲದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡಬಹುದು.

• ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ.

• ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಫೋನ್ ನಂಬರ್ ಅಥವಾ ಆಧಾರ್ ಇರುವ ಪಟ್ಟಿ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ಅಳಿಸಿಬಿಡಿ. ಕಳಿಸಿದವರಿಗೂ ಅಳಿಸಲು ಹೇಳಿ.